ಸ್ವಂತ ದಂಧೆಯ ಹಂಬಲ ಹುಟ್ಟುವುದೆಲ್ಲಿ?



ಒಂದೇ ಊರು, ಒಂದೇ ಓಣಿ. ಇಬ್ಬರು ಅಕ್ಕಪಕ್ಕದ ಮನೆಯವರು. ಇಬ್ಬರಿಗೂ ಎರಡೆರಡು ಎಕರೆ ಹೊಲ, ಇಬ್ಬರ ಓದೂ ಹತ್ತನೆಯ ತರಗತಿ, ಇಬ್ಬರ ಮನೆಯಲ್ಲೂ ಅಷ್ಟಕ್ಕಷ್ಟೇ. ಒಬ್ಬನು ಸುಗ್ಗಿ ಮುಗಿದ ಕೂಡಲೇ ಹೈದರಾಬಾದಿಗೆ ಕೂಲಿಗೆ ಹೊರಡುತ್ತಾನೆ. ಇನ್ನೊಬ್ಬನು ಊರಲ್ಲೇ ಉಳಿದು ಒಂದು ಹಿಟ್ಟಿನ ಗಿರಣಿ ಹಾಕುತ್ತಾನೆ. ಮೊದಲನೆಯವನು ಸೋಮಾರಿಯಲ್ಲ, ಎರಡನೆಯವನು ಹುಟ್ಟಾ ಜಾಣನೂ ಅಲ್ಲ. ಹಾಗಾದರೆ ಗಿರಣಿ ಹಾಕುವ ಮನಸ್ಸು ಒಬ್ಬನಿಗೆ ಬಂತು, ಇನ್ನೊಬ್ಬನಿಗೆ ಏಕೆ ಬರಲಿಲ್ಲ? ಇದೇ ನಮ್ಮ ಇಂದಿನ ವಿಷಯ.

ಪುಸ್ತಕದ ಭಾಷೆಯಲ್ಲಿ ಇಂಥವನನ್ನು ಉದ್ಯಮಿ ಎನ್ನುತ್ತಾರೆ. ಆ ಮಾತು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕಾರ್ಖಾನೆ, ದೊಡ್ಡ ಮೋಟಾರು. ಆದರೆ ಈ ಮಾತಿಗೆ ಅರ್ಥ ಹೇಳಿದವರಲ್ಲಿ ಮೊದಲಿಗರು ರಿಚರ್ಡ್ ಕ್ಯಾಂಟಿಲಾನ್ ಎಂಬುವವರು. 1755ರಲ್ಲಿ ಅಚ್ಚಾದ ಅವರ ಗ್ರಂಥದಲ್ಲಿ ಉದ್ಯಮಿಯ ಗುರುತು ಬಹಳ ಸರಳ. ಗೊತ್ತಿರುವ ಬೆಲೆಗೆ ಕೊಂಡು, ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿ. ಈ ಲೆಕ್ಕದಲ್ಲಿ ಜಹೀರಾಬಾದಿನ ಸಂತೆಗೆ ಬೆಳಗಿನ ಜಾವ ಬದನೆಕಾಯಿ ತಂದು ಕೂರುವ ಅಜ್ಜಿಯೂ ಉದ್ಯಮಿಯೇ. ಬೆಳಿಗ್ಗೆ ಕೊಟ್ಟ ದುಡ್ಡು ಆಕೆಗೆ ಗೊತ್ತು. ಸಂಜೆಗೆ ಎಷ್ಟು ಕೈಗೆ ಬರುತ್ತದೆಂಬುದು ಗೊತ್ತಿಲ್ಲ. ಕೂಲಿಯವನಿಗೂ ದಂಧೆ ಮಾಡುವವನಿಗೂ ಇರುವ ವ್ಯತ್ಯಾಸ ಇದೊಂದೇ. ಕೂಲಿ ನಿಶ್ಚಿತ, ದಂಧೆಯ ಆದಾಯ ಅನಿಶ್ಚಿತ. ನಿಶ್ಚಿತವಾದುದನ್ನು ಬಿಟ್ಟು ಅನಿಶ್ಚಿತವಾದುದಕ್ಕೆ ಒಬ್ಬ ಮನುಷ್ಯ ಕೈ ಹಾಕುವುದೇಕೆ ಎಂಬುದೇ ಪ್ರಶ್ನೆ.

ನಮ್ಮ ಸೀಮೆಗೆ ಈ ಪ್ರಶ್ನೆ ಹೊರಗಿನದಲ್ಲ. ಜಹೀರಾಬಾದ್ ಮತ್ತು ನಾರಾಯಣಖೇಡ 1956ರ ತನಕ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗಡಿ ಬದಲಾಯಿತು, ಸಂತೆ ಬದಲಾಗಲಿಲ್ಲ. ಇಂದಿಗೂ ನಮ್ಮ ಅಡತಿ ಅಂಗಡಿಗಳಲ್ಲಿ ರೈತನೊಡನೆ ಕನ್ನಡ, ಹಮಾಲನೊಡನೆ ತೆಲುಗು, ಲಾರಿಯವನೊಡನೆ ಉರ್ದು ನಡೆಯುತ್ತದೆ. ಮೂರು ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡಬಲ್ಲವನಿಗೆ ಮೂರು ನಾಲ್ಕು ಪೇಟೆಗಳ ಬಾಗಿಲು ತೆರೆದಿರುತ್ತದೆ. ಗಡಿಯವರಾದುದು ಹಲವು ವಿಷಯಗಳಲ್ಲಿ ನಮಗೆ ತೊಡಕಾಗಿರಬಹುದು, ವ್ಯಾಪಾರದಲ್ಲಿ ಮಾತ್ರ ಅದು ಬಂಡವಾಳ. ಹೀಗಿದ್ದೂ ಪ್ರತಿ ವರ್ಷ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ, ನಮ್ಮ ಹಳ್ಳಿ ತಾಂಡಾಗಳಿಂದ ಮನೆಗೆ ಮನೆಯೇ ಬೀಗ ಹಾಕಿ ಹೊರಡುವುದನ್ನು ನೋಡುತ್ತೇವೆ.

"ವ್ಯಾಪಾರ ಕೆಲವರ ರಕ್ತದಲ್ಲೇ ಇರುತ್ತದೆ, ನಮ್ಮಂಥವರಿಗೆ ಅದು ಕೂಡಿಬರುವುದಿಲ್ಲ" ಎಂಬ ಮಾತನ್ನು ಹಿರಿಯರು ಹೇಳುತ್ತಾರೆ. ಈ ಮಾತು ಅರ್ಧ ನಿಜ. ಅಂಗಡಿಯ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ತಕ್ಕಡಿ, ಉದ್ರಿ, ಗಿರಾಕಿ ಇವೆಲ್ಲ ಬಾಲ್ಯದಿಂದಲೇ ಪರಿಚಯ. ಆದರೆ ಅದು ರಕ್ತವಲ್ಲ, ಅಭ್ಯಾಸ. ನಮಗೆ ಹತ್ತಿರದ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಬಟ್ಟೆ ಮಡಿ ಮಾಡುವ ಮಾಚಿದೇವರು, ಹಗ್ಗ ಹೊಸೆಯುವ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ದೋಣಿ ನಡೆಸುವ ಚೌಡಯ್ಯ ಒಟ್ಟಿಗೆ ಕುಳಿತರು. ಅವರ ಹೆಸರಿನ ಮುಂದೆಯೇ ಅವರ ಕಸುಬು ನಿಂತಿತು. ದುಡಿಮೆಗೆ ಕಾಯಕವೆಂಬ ಗೌರವ ಬಂತು, ಗಳಿಕೆಗೆ ದಾಸೋಹವೆಂಬ ಹೊಣೆ ಬಂತು. ಕೈಕೆಲಸ ಕೀಳಲ್ಲ ಎಂದು ಮನಸ್ಸಿಗೆ ಬಂದ ದಿನವೇ ಸ್ವಂತ ದಂಧೆಯ ಮೊದಲ ಮೆಟ್ಟಿಲು. ಯಾವ ಊರಲ್ಲಿ ದುಡಿಯುವವನನ್ನು ಹೀಗಳೆಯುತ್ತಾರೋ ಆ ಊರಲ್ಲಿ ಯುವಕರು ನೌಕರಿಯ ಅರ್ಜಿ ಹಿಡಿದೇ ಮುದುಕರಾಗುತ್ತಾರೆ.

ಈಗ ವಿಜ್ಞಾನಿಗಳು ಏನು ಹೇಳುತ್ತಾರೆ ನೋಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರು 1961ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕೆಲವರಿಗೆ ಹಣಕ್ಕಿಂತ ಹೆಚ್ಚಾಗಿ, ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಬೇಕೆಂಬ ಹಂಬಲ ಇರುತ್ತದೆ. ಉದ್ಯಮಿಗಳಲ್ಲಿ ಎದ್ದು ಕಾಣುವುದು ಇದೇ ಎಂದು ಅವರು ವಾದಿಸಿದರು. ಇದನ್ನು ಸಾಧನೆಯ ಹಂಬಲ ಎನ್ನೋಣ. ಇಂಥವರಿಗೆ ಹಣವೆಂದರೆ ಪರೀಕ್ಷೆಯ ಅಂಕವಿದ್ದಂತೆ. ಕೆಲಸ ಎಷ್ಟು ಚೆನ್ನಾಯಿತು ಎಂಬುದನ್ನು ಅದು ತಿಳಿಸುತ್ತದೆ.

ಇದನ್ನು ಗುರುತಿಸಲು ಅವರು ಬಳಸಿದ ಒಂದು ಆಟ ಬಹಳ ಸ್ವಾರಸ್ಯಕರ. ನೆಲದಲ್ಲಿ ಒಂದು ಗೂಟ ನೆಟ್ಟು, ಕೈಗೆ ಬಳೆಗಳನ್ನು ಕೊಟ್ಟು, ಗೂಟಕ್ಕೆ ಬೀಳುವ ಹಾಗೆ ಎಸೆಯಿರಿ ಎಂದು ಹೇಳುವುದು. ಜಾತ್ರೆಯಲ್ಲಿ ಸಾಬೂನಿನ ಮೇಲೆ ರಿಂಗು ಎಸೆಯುವ ಆಟ ನಮಗೆಲ್ಲ ಗೊತ್ತಲ್ಲ, ಅದರಂತೆಯೇ. ಆದರೆ ಇಲ್ಲಿ ಎಷ್ಟು ದೂರ ನಿಲ್ಲಬೇಕೆಂಬುದು ಎಸೆಯುವವನ ಇಷ್ಟ. ಕೆಲವರು ಗೂಟದ ಪಕ್ಕದಲ್ಲೇ ನಿಂತರು. ಎಸೆದದ್ದೆಲ್ಲ ಬಿತ್ತು, ಆದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಕೆಲವರು ಬಹು ದೂರ ನಿಂತರು. ಬಿದ್ದರೆ ಅದೃಷ್ಟ, ಬೀಳದಿದ್ದರೆ ನಷ್ಟವೇನು ಎಂಬ ಧೋರಣೆ. ಸಾಧನೆಯ ಹಂಬಲ ಹೆಚ್ಚಿದ್ದವರು ನಡುವಿನ ದೂರ ಆರಿಸಿಕೊಂಡರು. ಅಲ್ಲಿಂದ ತಪ್ಪಬಹುದು, ಆದರೆ ಕೈ ಪಳಗಿದರೆ ಬೀಳುತ್ತದೆ. ಇಲ್ಲಿ ಒಂದು ದೊಡ್ಡ ಪಾಠವಿದೆ. ಉದ್ಯಮಿ ಎಂದರೆ ಕಣ್ಣು ಮುಚ್ಚಿ ಹಾರುವ ಧೈರ್ಯಶಾಲಿ ಎಂದು ನಾವು ತಿಳಿಯುತ್ತೇವೆ. ಅದು ಜೂಜುಕೋರನ ಲಕ್ಷಣ. ತನ್ನ ಕೈ ಎಷ್ಟು ದೂರ ಮುಟ್ಟುತ್ತದೆ ಎಂದು ಅಳೆದು, ಅದಕ್ಕಿಂತ ಒಂದು ಹೆಜ್ಜೆ ಮಾತ್ರ ಹಿಂದೆ ನಿಲ್ಲುವವನು ಉದ್ಯಮಿ.

ಈ ಹಂಬಲ ಹುಟ್ಟಿನಿಂದ ಬರುವುದೋ, ಕಲಿಸಬಹುದೋ? ಇದರ ಪರೀಕ್ಷೆ ನಡೆದದ್ದು ಅಂದಿನ ಆಂಧ್ರಪ್ರದೇಶದಲ್ಲೇ. 1960ರ ದಶಕದ ನಡುವಿನಲ್ಲಿ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ಜೊತೆಗೂಡಿ ಮೆಕ್ಲೆಲೆಂಡ್ ಮತ್ತು ಅವರ ಸಂಗಡಿಗರು ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಕೆಲವೇ ದಿನಗಳ ತರಬೇತಿ ನಡೆಸಿದರು. ಹಣ ಕೊಡಲಿಲ್ಲ, ಯಂತ್ರ ಕೊಡಲಿಲ್ಲ. ಗುರಿ ಇಟ್ಟುಕೊಳ್ಳುವುದು, ಅಪಾಯವನ್ನು ಅಳೆಯುವುದು, ಫಲಿತಾಂಶ ನೋಡಿ ದಾರಿ ತಿದ್ದಿಕೊಳ್ಳುವುದು, ಇಷ್ಟನ್ನೇ ಆಟ, ಕಥೆ, ಚರ್ಚೆಗಳ ಮೂಲಕ ಅಭ್ಯಾಸ ಮಾಡಿಸಿದರು. ಮುಂದಿನ ಎರಡು ವರ್ಷಗಳಲ್ಲಿ ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಹೊಸ ಕೆಲಸಗಳನ್ನು ಆರಂಭಿಸಿದರು, ಹೆಚ್ಚು ಜನರಿಗೆ ಕೆಲಸ ಕೊಟ್ಟರು. ಇದರ ವಿವರ 1969ರಲ್ಲಿ ಗ್ರಂಥರೂಪದಲ್ಲಿ ಬಂತು. ರಕ್ತದ ಮಾತು ಅಲ್ಲಿಗೆ ಸಡಿಲವಾಯಿತು.

ಆದರೆ ಕಾಕಿನಾಡದವರು ಮೊದಲೇ ವ್ಯಾಪಾರಿಗಳು. ಏನೂ ಇಲ್ಲದವರ ಕಥೆ ಏನು? ಇಲ್ಲಿ ಒಂದು ಮುಖ್ಯವಾದ ಭೇದವನ್ನು ತಿಳಿಯಬೇಕು. ಕೆಲವರನ್ನು ಕಷ್ಟ ಹಿಂದಿನಿಂದ ನೂಕುತ್ತದೆ; ಕೆಲವರನ್ನು ಅವಕಾಶ ಮುಂದಿನಿಂದ ಎಳೆಯುತ್ತದೆ. ಮಳೆ ಕೈಕೊಟ್ಟಿತು, ಗಂಡ ತೀರಿಕೊಂಡ, ಕಾರ್ಖಾನೆ ಮುಚ್ಚಿತು, ಬೇರೆ ದಾರಿಯಿಲ್ಲದೆ ಚಹಾದ ಬಂಡಿ ಇಟ್ಟರು ಎಂದರೆ ಅದು ನೂಕು. ಊರಿಗೆ ಹೊಸ ರಸ್ತೆ ಬಂತು, ಅಲ್ಲೊಂದು ಪಂಕ್ಚರ್ ಅಂಗಡಿ ನಡೆಯುತ್ತದೆ ಎಂದು ಲೆಕ್ಕ ಹಾಕಿ ಇಟ್ಟರೆ ಅದು ಸೆಳೆತ. 1999ರಿಂದ ಅನೇಕ ದೇಶಗಳಲ್ಲಿ ಉದ್ಯಮಶೀಲತೆಯ ಕುರಿತು ಒಂದು ಸಮೀಕ್ಷೆ ನಡೆಯುತ್ತ ಬಂದಿದೆ. ಏಕೆ ದಂಧೆ ಆರಂಭಿಸಿದಿರಿ ಎಂದು ಕೇಳಿದರೆ ಭಾರತದಲ್ಲಿ ಹೆಚ್ಚಿನವರು ಒಪ್ಪುವ ಕಾರಣ ಒಂದೇ: ನೌಕರಿ ಸಿಗುವುದು ಕಷ್ಟ, ಹೊಟ್ಟೆ ಹೊರೆಯಬೇಕು. ಆದ್ದರಿಂದ ರಸ್ತೆಬದಿಯ ಪ್ರತಿ ಬಂಡಿಯನ್ನೂ ಉದ್ಯಮಶೀಲತೆಯ ವಿಜಯವೆಂದು ಹಾಡಿ ಹೊಗಳುವುದು ಸರಿಯಲ್ಲ. ಆ ಬಂಡಿಯವನಿಗೆ ನಾಳೆ ತಿಂಗಳ ಸಂಬಳದ ಕೆಲಸ ಸಿಕ್ಕರೆ ಬಂಡಿ ಬಿಟ್ಟು ಹೋಗಬಹುದು. ಅದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ನೂಕಿಗೆ ಸಿಕ್ಕವರು ಸೆಳೆತಕ್ಕೆ ಏರುವುದುಂಟೆ? ಉಂಟು. ಅದಕ್ಕೆ ಜಹೀರಾಬಾದಿನ ಸುತ್ತಲಿನ ಹಳ್ಳಿಗಳೇ ಸಾಕ್ಷಿ. 1983ರಲ್ಲಿ ಇಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್ ಅವರು, ಮೈಸೂರಿನ ಕನ್ನಡಿಗರು, ಹಿಂದೆ ದೂರದರ್ಶನದಲ್ಲಿದ್ದವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಸುಮಾರು 75 ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಗಳು ಬೆಳೆದವು. ಅವರಲ್ಲಿ ಬಹುಪಾಲು ದಲಿತ ಹೆಂಗಸರು. ಇದ್ದರೆ ಒಂದೆರಡು ಎಕರೆ ಕಲ್ಲುಹೊಲ, ಇಲ್ಲದಿದ್ದರೆ ಕೂಲಿ. ಅವರು ಮೊದಲು ಕೇಳಿಕೊಂಡದ್ದು, "ಬಿತ್ತನೆಯ ಕಾಲಕ್ಕೆ ನಾವು ಮತ್ತೊಬ್ಬರ ಬಾಗಿಲಿಗೆ ಬೀಜಕ್ಕೆ ಏಕೆ ಹೋಗಬೇಕು?" ಎಂಬಂಥ ಪ್ರಶ್ನೆಯನ್ನು. ಎಷ್ಟು ಲಾಭವಾದೀತು ಎಂಬ ಮಾತು ಆಮೇಲೆ ಬಂತು.

ಈ ಪ್ರಶ್ನೆಯಿಂದ ಒಂದೊಂದೇ ಕೆಲಸ ಬೆಳೆಯಿತು. ಬೀಜವನ್ನು ಬೂದಿ, ಬೇವಿನ ಎಲೆ ಬೆರೆಸಿ ಬುಟ್ಟಿಗಳಲ್ಲಿ ಕಾಪಾಡಿ, ಬೇಕಾದವರಿಗೆ ಕೊಟ್ಟು, ಸುಗ್ಗಿಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಅಳತೆಗೆ ಹಿಂದಕ್ಕೆ ಪಡೆಯುವ ಬೀಜದ ಭಂಡಾರಗಳು ಬಂದವು. ಪಾಳುಬಿದ್ದ ಹೊಲಗಳನ್ನು ಹಸನು ಮಾಡಲು ಸಾಲ ಕೊಟ್ಟು, ಅದನ್ನು ಜೋಳದ ರೂಪದಲ್ಲಿ ತೀರಿಸಿಕೊಂಡು, ಆ ಜೋಳವನ್ನೇ ಊರ ಬಡವರಿಗೆ ಕಡಿಮೆ ಬೆಲೆಗೆ ಹಂಚುವ ಏರ್ಪಾಡು 1990ರ ದಶಕದಲ್ಲಿ ನಡೆಯಿತು. ರೇಷನ್ ಅಂಗಡಿಯ ಧಾನ್ಯವೆಂದರೆ ಮುಖ್ಯವಾಗಿ ಅಕ್ಕಿಯೇ ಆಗಿದ್ದ ಕಾಲವದು. ಜೋಳ, ಸಜ್ಜೆ, ನವಣೆ, ಸಾವೆಗಳನ್ನು ಮಾರುವ ಮಳಿಗೆ ಬಂತು, ಅದೇ ಧಾನ್ಯದ ಊಟ ಬಡಿಸುವ ಖಾನಾವಳಿ ಜಹೀರಾಬಾದ್ ಪೇಟೆಯಲ್ಲಿ ನಡೆಯಿತು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಹಳ್ಳಿಯ ಹೆಂಗಸರೇ ನಡೆಸುವ ಸಂಘಂ ರೇಡಿಯೋ ಆರಂಭವಾಯಿತು. 2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಇಲ್ಲಿ ಪ್ರೇರಣೆ ಎಲ್ಲಿಂದ ಬಂತು? ಆರಂಭಕ್ಕೆ ಹಸಿವು. ಆದರೆ ಹಸಿವೊಂದೇ ಆಗಿದ್ದರೆ ಹೊಟ್ಟೆ ತುಂಬಿದ ದಿನ ಕೆಲಸ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕೇಳುವ ಕೈ ಕೊಡುವ ಕೈಯಾದಾಗ ಹುಟ್ಟುವ ಮರ್ಯಾದೆ ಅವರನ್ನು ಮುಂದಕ್ಕೆ ಒಯ್ಯಿತು. ತನ್ನ ಮನೆಯಲ್ಲಿ ಬೀಜವಿದೆ, ಊರ ರೈತ ತನ್ನ ಬಾಗಿಲಿಗೆ ಬರುತ್ತಾನೆ ಎಂಬುದು ಒಬ್ಬ ಕೂಲಿ ಹೆಂಗಸಿಗೆ ಎಂಥ ಮಾತು, ಯೋಚಿಸಿ. ತನ್ನ ಕೆಲಸದ ನಿರ್ಧಾರ ತನ್ನ ಕೈಯಲ್ಲೇ ಇರಬೇಕೆಂಬ ಆಸೆ ಎಲ್ಲ ಪ್ರೇರಣೆಗಳ ಬೇರು ಎಂದರೆ ತಪ್ಪಾಗಲಾರದು.

ಈಗ ಇದೇ ಸೀಮೆಯ ಇನ್ನೊಂದು ಕಥೆಗೆ ಬರೋಣ. ಇದು ನಾರಾಯಣಖೇಡದ್ದು. 1990ರ ದಶಕದಲ್ಲಿ ಇದೇ ಜಹೀರಾಬಾದಿನ ಸಂಸ್ಥೆಯಲ್ಲಿ ಕೆಲಸ ಮಾಡಿದ ವಿಕ್ರಂ ಆಕುಲ ಎಂಬ ಯುವಕರಿಗೆ ಒಬ್ಬ ಬಡ ಹೆಂಗಸು, ನಮ್ಮ ಊರಿಗೂ ಏಕೆ ನಿಮ್ಮ ನೆರವು ಬರಬಾರದು, ನಾನೂ ಬಡವಿಯಲ್ಲವೆ ಎಂಬರ್ಥದ ಪ್ರಶ್ನೆ ಹಾಕಿದಳಂತೆ. ಅವರೇ ಇದನ್ನು ಬರೆದುಕೊಂಡಿದ್ದಾರೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಮಾದರಿ ನೋಡಿ ಅವರು ಸ್ವಯಂ ಕೃಷಿ ಸಂಗಮ, ಅಂದರೆ ಎಸ್.ಕೆ.ಎಸ್., ಎಂಬ ಸಂಸ್ಥೆ ಕಟ್ಟಿದರು. 1998ರಲ್ಲಿ ಅದರ ಸಾಲ ನೀಡಿಕೆ ಆರಂಭವಾದದ್ದು ನಾರಾಯಣಖೇಡದ ಸುತ್ತಿನಲ್ಲಿ. ಐದೈದು ಜನ ಹೆಂಗಸರ ಗುಂಪು, ಆಸ್ತಿಯ ಜಾಮೀನಿಲ್ಲದ ಸಣ್ಣ ಸಾಲ, ವಾರ ವಾರ ಕಂತು. ಎಮ್ಮೆ ಕೊಳ್ಳುವವರಿಗೆ, ಕಿರಾಣಿ ಇಡುವವರಿಗೆ, ಬಳೆ ಮಾರುವವರಿಗೆ ಅದು ಸಾವಕಾರನ ಬಡ್ಡಿಯಿಂದ ಬಿಡುಗಡೆಯಾಗಿ ಕಂಡಿತು. ಹನ್ನೆರಡೇ ವರ್ಷಗಳಲ್ಲಿ ಅದು ದೇಶದಾದ್ಯಂತ 60 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಕಂಪನಿಯಾಗಿ, 2010ರ ಆಗಸ್ಟ್‌ನಲ್ಲಿ ಷೇರು ಪೇಟೆಗೆ ಬಂದು ಸುಮಾರು 1,650 ಕೋಟಿ ರೂಪಾಯಿ ಎತ್ತಿತು.

ಆ ಹೊತ್ತಿಗೆ ಆಂಧ್ರಪ್ರದೇಶದಲ್ಲಿ ಸಣ್ಣ ಸಾಲದ ಕಂಪನಿಗಳು ಅನೇಕವಾಗಿದ್ದವು. ಒಂದೇ ಮನೆಗೆ ಮೂರು ನಾಲ್ಕು ಕಡೆಯ ಸಾಲ. ಒಂದರ ಕಂತಿಗೆ ಇನ್ನೊಂದರಿಂದ ಸಾಲ. ವಸೂಲಿಯ ಒತ್ತಡದಿಂದ ಆತ್ಮಹತ್ಯೆಗಳಾದವೆಂಬ ವರದಿಗಳ ನಡುವೆ 2010ರ ಅಕ್ಟೋಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಈ ವ್ಯವಹಾರಕ್ಕೆ ಕಡಿವಾಣ ಹಾಕಿತು. ವಸೂಲಿ ಬಹುಮಟ್ಟಿಗೆ ನಿಂತುಹೋಯಿತು, ಜೊತೆಗೆ ಹೊಸ ಸಾಲವೂ. ಹದಿನೈದು ವರ್ಷಗಳ ಮೇಲೆ ಕರ್ನಾಟಕದಲ್ಲೂ ಇಂಥದೇ ದೂರುಗಳೆದ್ದು, 2025ರ ಫೆಬ್ರುವರಿಯಲ್ಲಿ ಅಲ್ಲಿಯೂ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಬಂತು. ಎಸ್.ಕೆ.ಎಸ್. ಹೆಸರು 2016ರಲ್ಲಿ ಬದಲಾಯಿತು, 2019ರಲ್ಲಿ ಕಂಪನಿ ಒಂದು ಬ್ಯಾಂಕಿನಲ್ಲಿ ವಿಲೀನವಾಯಿತು.

ಈ ಕಥೆಯನ್ನು ಇಷ್ಟು ಬಿಡಿಸಿ ಹೇಳುವ ಉದ್ದೇಶ ಯಾರನ್ನೂ ದೂರುವುದಲ್ಲ. ಸಾಲ ಸಿಕ್ಕರೆ ಎಲ್ಲರೂ ಉದ್ಯಮಿಗಳಾಗುತ್ತಾರೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಆ ಪರೀಕ್ಷೆಯೂ ನಮ್ಮ ರಾಜಧಾನಿಯಲ್ಲೇ ನಡೆಯಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅವುಗಳಲ್ಲಿ ಅರ್ಧದಲ್ಲಿ ಸಣ್ಣ ಸಾಲದ ಸಂಸ್ಥೆಯೊಂದು ಶಾಖೆ ತೆರೆಯಿತು, ಇನ್ನರ್ಧದಲ್ಲಿ ಆಗ ತೆರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದರು. ಮೊದಲೇ ದಂಧೆ ಇದ್ದವರು ಸಾಲದಿಂದ ಅದನ್ನು ಸ್ವಲ್ಪ ಹಿಗ್ಗಿಸಿಕೊಂಡಿದ್ದರು. ಉಳಿದ ಬಹುಪಾಲು ಮನೆಗಳ ಬಾಳಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಈ ಇಬ್ಬರೂ 2019ರಲ್ಲಿ ಮೈಕಲ್ ಕ್ರೆಮರ್ ಅವರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಇದರಿಂದ ತಿಳಿಯುವುದೇನು? ಹಣವು ಗಾಡಿಯ ಎಣ್ಣೆ ಇದ್ದಂತೆ. ಗಾಡಿ ಹೊರಟಿದ್ದರೆ ಎಣ್ಣೆ ಅದನ್ನು ಮುಂದೆ ಒಯ್ಯುತ್ತದೆ. ಹೋಗಬೇಕಾದ ಊರೇ ಗೊತ್ತಿಲ್ಲದವನಿಗೆ ಎಣ್ಣೆ ತುಂಬಿಸಿಕೊಟ್ಟು ಏನು ಫಲ? ಸಾಲ ಸಿಗುತ್ತದೆ, ಅದಕ್ಕೇ ಒಂದು ಅಂಗಡಿ ಇಡೋಣ ಎನ್ನುವುದು ಪ್ರೇರಣೆಯಲ್ಲ.

ಇದನ್ನು ಒಂದು ಮನೆಯ ಲೆಕ್ಕದಲ್ಲಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಾರಾಯಣಖೇಡದ ಕಡೆಯ ಒಬ್ಬ ತಾಯಿ 30,000 ರೂಪಾಯಿ ಸಾಲ ಮಾಡಿ ಕಿರಾಣಿ ಅಂಗಡಿ ಇಟ್ಟರು ಎನ್ನಿ. ದಿನದ ವ್ಯಾಪಾರ 1,000 ರೂಪಾಯಿ, ನೂರಕ್ಕೆ ಹತ್ತರಂತೆ ಉಳಿತಾಯ 100 ರೂಪಾಯಿ. ವಾರಕ್ಕೆ 700. ವಾರದ ಕಂತು ಕೂಡ 700. ಹಾಗಾದರೆ ಮನೆಯ ಖರ್ಚಿಗೆ ಏನು? ಮಾಲು ತರಲು ಇಟ್ಟ ಹಣವೇ ಅಡುಗೆಮನೆಗೆ ಹೋಗುತ್ತದೆ. ಮೇಲೆ ಓಣಿಯವರ ಉದ್ರಿ ಬೇರೆ. ಆರು ತಿಂಗಳಲ್ಲಿ ಹಲಗೆಗಳು ಖಾಲಿ. ಸಾಲ ಮಾತ್ರ ಉಳಿದಿದೆ. ಆ ತಾಯಿ ಸೋತದ್ದು ಶ್ರಮ ಸಾಲದೆ ಅಲ್ಲ. ಗೂಟದಿಂದ ಬಹಳ ದೂರ ನಿಂತು ಬಳೆ ಎಸೆದದ್ದರಿಂದ.

ಅದೇ ತಾಯಿ ತಮಗೆ ಚೆನ್ನಾಗಿ ಬರುವ ಕೆಲಸವನ್ನೇ ಹಿಡಿದರು ಎನ್ನಿ. ಮನೆಯ ಒಲೆಯ ಮೇಲೆ ದಿನಕ್ಕೆ 60 ಜೋಳದ ರೊಟ್ಟಿ ಬಡಿದು ಪೇಟೆಯ ಒಂದು ಖಾನಾವಳಿಗೆ ಕೊಡುತ್ತಾರೆ. ಹಿಟ್ಟು, ಉರುವಲು ಕಳೆದು ರೊಟ್ಟಿಗೆ ನಾಲ್ಕು ರೂಪಾಯಿ ಉಳಿದರೂ ದಿನಕ್ಕೆ 240 ರೂಪಾಯಿ. ಇದರಲ್ಲಿ ಸಾಲವಿಲ್ಲ. ಬೇಡಿಕೆ 200 ರೊಟ್ಟಿಗೆ ಏರಿದಾಗ, ಜೊತೆಗೆ ಇನ್ನಿಬ್ಬರು ಬಂದಾಗ, ಆಗ ಯಂತ್ರಕ್ಕೆ ಸಾಲ ತೆಗೆದರೆ ಕಂತು ಕಟ್ಟುವ ಶಕ್ತಿ ರೊಟ್ಟಿಯೇ ಕೊಡುತ್ತದೆ. ಇದು ಬರಿಯ ಕಲ್ಪನೆಯಲ್ಲ. ನೆರೆಯ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಗುಂಪುಗಳು ಜೋಳದ ರೊಟ್ಟಿಯನ್ನು ಕಲಬುರಗಿ ರೊಟ್ಟಿ ಎಂಬ ಒಂದೇ ಹೆಸರಿನಲ್ಲಿ ಮಾರುತ್ತ, 2025ರ ಹೊತ್ತಿಗೆ ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಿಸುವ ಮಟ್ಟಕ್ಕೆ ಬಂದುವು. ಅವರು ಹೊಸ ವಿದ್ಯೆ ಕಲಿಯಲಿಲ್ಲ. ತಾಯಿಯಿಂದ ಬಂದ ವಿದ್ಯೆಗೆ ಪೇಟೆ ಹುಡುಕಿದರು.

ಇನ್ನು ಮೂರನೆಯ ಊರು ತಾಂಡೂರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ತಾಂಡೂರು ಆ ಮಾರ್ಗದ ಊರು. ನೆಲದಡಿಯಲ್ಲಿ ಪದರ ಪದರವಾಗಿ ಏಳುವ ಸುಣ್ಣದ ಕಲ್ಲು ಇತ್ತು, ಅದನ್ನು ಸಾಗಿಸಲು ರೈಲು ಇತ್ತು. ನೀಲಿ, ಹಳದಿ ಬಣ್ಣದ ತಾಂಡೂರು ಕಲ್ಲು ಇಂದು ದೇಶದ ಎಲ್ಲ ಕಡೆ ಮನೆಗಳ ನೆಲಕ್ಕೆ ಹೋಗುತ್ತದೆ. ಕಣಿಯಲ್ಲಿ ಉಳಿ ಬಡಿದು ಪದರ ಬಿಡಿಸುವವರು, ಯಂತ್ರದಲ್ಲಿ ಅಂಚು ಕೊಯ್ಯುವವರು, ಹೊಳಪು ಕೊಡುವವರು, ಲಾರಿಗೆ ಹೇರುವವರು, ಹೀಗೆ ಒಂದೇ ಕಲ್ಲಿನ ಬೆನ್ನ ಮೇಲೆ ಹತ್ತಾರು ಕಸುಬುಗಳು ಕುಳಿತಿವೆ.

ಇಂಥ ಊರಲ್ಲಿ ಹೊಸದಾಗಿ ಒಂದು ಪಾಲಿಶ್ ಘಟಕ ಹಾಕುವ ಮನಸ್ಸು ಸುಲಭವಾಗಿ ಬರುವುದೇಕೆ? ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ ಎಂಬ ಅರ್ಥಶಾಸ್ತ್ರಜ್ಞರು 1890ರಲ್ಲೇ ಇದಕ್ಕೆ ಉತ್ತರ ಹೇಳಿದರು. ಒಂದು ಕಸುಬು ಒಂದು ಊರಲ್ಲಿ ಬೇರೂರಿದರೆ ಅದರ ಗುಟ್ಟುಗಳು ಗುಟ್ಟಾಗಿ ಉಳಿಯುವುದಿಲ್ಲ. ಗಾಳಿಯಲ್ಲೇ ಹರಡುತ್ತವೆ, ಮಕ್ಕಳು ತಮಗರಿಯದೆಯೇ ಕಲಿಯುತ್ತಾರೆ ಎಂಬುದು ಅವರ ಅಭಿಪ್ರಾಯ. ಯಾವ ಕಲ್ಲು ಒಡೆಯುತ್ತದೆ, ಯಾವುದು ನಿಲ್ಲುತ್ತದೆ, ಯಾವ ಊರಿನ ಗಿರಾಕಿ ಹಣ ಸರಿಯಾಗಿ ಕೊಡುತ್ತಾನೆ ಎಂಬುದು ಚಹಾದ ಅಂಗಡಿಯ ಮಾತಿನಲ್ಲೇ ಸಿಗುತ್ತದೆ. ಅದಕ್ಕಿಂತ ಮುಖ್ಯವಾದುದು, ತನ್ನಂಥ ಒಬ್ಬನು ಮಾಡಿದ್ದನ್ನು ಕಣ್ಣಾರೆ ಕಾಣುವುದು. ಮುಂಬಯಿಯ ಕೋಟ್ಯಧೀಶನ ಕಥೆ ಕೇಳಿದರೆ ಬೆರಗಾಗುತ್ತದೆ, ಅಷ್ಟೇ. ನಿನ್ನೆ ತನ್ನ ಜೊತೆ ಕಲ್ಲು ಹೊತ್ತವನು ಇಂದು ಎರಡು ಯಂತ್ರ ಹಾಕಿದ್ದನ್ನು ಕಂಡರೆ, "ಅವನಿಂದಾದದ್ದು ನನ್ನಿಂದೇಕೆ ಆಗದು?" ಎಂದು ಮನಸ್ಸು ಕೇಳುತ್ತದೆ. ಹತ್ತಿರದವನ ಉದಾಹರಣೆಗೆ ಇರುವ ಶಕ್ತಿ ನೂರು ಉಪದೇಶಕ್ಕಿಲ್ಲ.

ತಾಂಡೂರಿನ ತೊಗರಿಯೂ ಈ ಮಾತಿಗೆ ಸಾಕ್ಷಿ. ಗಡಿಯಾಚೆಯ ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ತಾಂಡೂರಿನ ತೊಗರಿಗೂ ಅದು 2022ರಲ್ಲಿ ಬಂತು. ಅದಕ್ಕೆ ಅರ್ಜಿ ಹಾಕಿದವರು ಯಾಲಾಲದ ರೈತ ಉತ್ಪಾದಕರ ಕಂಪನಿಯವರು. ಕೃಷಿ ವಿಶ್ವವಿದ್ಯಾಲಯ ಬೆಂಬಲಕ್ಕೆ ನಿಂತಿತು. ತೊಗರಿ ಬೆಳೆದು ಅಡತಿಗೆ ಹಾಕಿ ಬರುತ್ತಿದ್ದ ರೈತರು, ಅದರ ಹೆಸರಿಗೂ ಬೆಲೆಯಿದೆ, ಆ ಹೆಸರು ತಮ್ಮದು ಎಂದು ನಿಂತರು. ಒಬ್ಬನಿಂದಾಗದ ಧೈರ್ಯ ಹತ್ತು ಜನ ಕೂಡಿದರೆ ಬರುತ್ತದೆ.

ಹಂಬಲವಿದೆ, ಕಣ್ಣೆದುರು ಉದಾಹರಣೆಯೂ ಇದೆ, ಕೆಲಸ ತಿಳಿಯದು. ಅಂಥವರಿಗೆ ದಾರಿ ತೋರಿದ ಕೀರ್ತಿ ಕನ್ನಡ ನಾಡಿನದು. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದರು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತ ತರಬೇತಿ. ಕಸುಬಿನ ಜೊತೆಗೆ ಕಾಕಿನಾಡದಲ್ಲಿ ನೋಡಿದಂಥ ಮನಸ್ಸಿನ ಅಭ್ಯಾಸವನ್ನೂ ಅಲ್ಲಿ ಮಾಡಿಸುತ್ತಾರೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನ ಹಿಂದೆ ನಿಂತು ವಿಚಾರಿಸುತ್ತಾರೆ. ಈ ಮಾದರಿಯನ್ನು ಮೆಚ್ಚಿ ಕೇಂದ್ರ ಸರ್ಕಾರ 2009ರಲ್ಲಿ ಜಿಲ್ಲೆಗೊಂದರಂತೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳನ್ನು ಬ್ಯಾಂಕುಗಳ ಮೂಲಕ ತೆರೆಯುವ ಯೋಜನೆ ಹಾಕಿತು. ಸಂಗಾರೆಡ್ಡಿಯಲ್ಲೂ ಅಂಥ ಕೇಂದ್ರವಿದೆ. ಇಲ್ಲಿ ಗಮನಿಸಬೇಕಾದ್ದು ಕ್ರಮ. ಮೊದಲು ಮನಸ್ಸು, ಆಮೇಲೆ ಕೈ, ಅದಾದ ಮೇಲೆ ಸಾಲ. ಈ ಕ್ರಮ ತಲೆಕೆಳಗಾದಲ್ಲೆಲ್ಲ ಮನೆಗಳು ಕಷ್ಟಕ್ಕೆ ಬಿದ್ದಿವೆ.

ಶ್ರೋತೃಗಳೇ, ಹಣದಾಸೆ ಎಲ್ಲರಿಗೂ ಇದೆ, ಆದ್ದರಿಂದ ಅದೊಂದೇ ಕಾರಣವಾಗಲಾರದು. ಹಸಿವು ನೂಕುತ್ತದೆ, ಆದರೆ ಬಹು ದೂರ ನಡೆಸುವುದಿಲ್ಲ. ತನ್ನ ದುಡಿಮೆಗೆ ತಾನೇ ಒಡೆಯನಾಗಬೇಕೆಂಬ ಹಂಬಲ ನಡೆಸುತ್ತದೆ. ಆ ಹಂಬಲ ಎಲ್ಲರ ಮನೆಯಲ್ಲೂ ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ನೆರೆಯವನ ಉದಾಹರಣೆ ಅದಕ್ಕೆ ಗಾಳಿ, ಸಂಘದವರ ನಂಬಿಕೆ ಅದಕ್ಕೆ ಉರುವಲು. ಸಾಲವೆಂಬುದು ಎಣ್ಣೆ, ಹೊತ್ತಿಕೊಂಡ ಮೇಲೆ ಹದವಾಗಿ ಹಾಕಿದರೆ ಬೆಳಕು, ಬೇಕಾಬಿಟ್ಟಿ ಸುರಿದರೆ ಮನೆಗೇ ಬೆಂಕಿ.

ಆದ್ದರಿಂದ ಮನೆಯ ಬಂಗಾರ ಅಡವಿಡುವ ಮೊದಲು, ಗುಂಪಿನ ಸಾಲಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು, ಮನೆಮಂದಿಯೆಲ್ಲ ಕುಳಿತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸ ನಮಗೆ ಬರುತ್ತದೆಯೆ? ಇದನ್ನು ಕೊಳ್ಳುವವರು ಯಾರು, ಅವರನ್ನು ನಾವು ಕಂಡು ಮಾತನಾಡಿದ್ದೇವೆಯೆ? ಇದು ಮುಳುಗಿದರೆ ನಮ್ಮ ಹೊಲಮನೆ ಉಳಿಯುತ್ತದೆಯೆ? ಸಾಲ ಸಿಗದಿದ್ದರೂ ಸಣ್ಣದಾಗಿಯಾದರೂ ಇದನ್ನು ಮಾಡುತ್ತಿದ್ದೆವೆ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಅಂಜಬೇಡಿ. ಯಾವುದಾದರೂ ಒಂದಕ್ಕೆ ಇಲ್ಲವೆಂದು ಬಂದರೆ ಕೈಬಿಡಬೇಕೆಂದಿಲ್ಲ. ಗೂಟದ ಕಡೆಗೆ ಒಂದೆರಡು ಹೆಜ್ಜೆ ಹತ್ತಿರ ಬಂದು ನಿಲ್ಲಿ.

ಮತ್ತು ಮಗನೋ ಮಗಳೋ ಒಂದು ಸಣ್ಣ ದಂಧೆಯ ಮಾತೆತ್ತಿದರೆ "ನಿನ್ನಿಂದೇನಾಗುತ್ತೆ ಬಿಡು" ಎಂದು ಬಾಯಿ ಮುಚ್ಚಿಸಬೇಡಿ. ಎಷ್ಟು ಬೇಕು, ಯಾರು ಕೊಳ್ಳುತ್ತಾರೆ, ಲೆಕ್ಕ ತೋರಿಸು ಎಂದು ಕೇಳಿ. ಲೆಕ್ಕ ಕೇಳುವ ಹಿರಿಯರಿರುವ ಮನೆಯಲ್ಲಿ ದಂಧೆ ಹುಟ್ಟುತ್ತದೆ, ನಿಲ್ಲುತ್ತದೆ ಕೂಡ.